ಮೂಗಿನ ಮೇಸ್ತ್ರಿಯ ಒಂಬತ್ತು ಡಬ್ಬಿಗಳು

ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟರು ನಡುನೀರಿನಲ್ಲಿ ಕೈಕೊಟ್ಟರೆ ಆ ದಡದವರು ಮೊದಲು ಬೈಯುವುದು ಮೋಟರನ್ನು, ಆಮೇಲೆ ಪೆಟ್ರೋಲ್ ಮಾರಿದವನನ್ನು, ಕೊನೆಗೆ ತಮ್ಮ ಹಣೆಬರಹವನ್ನು. ಬೈದು ದಣಿದ ಮೇಲೆ ಮೋಟರು ಬಿಚ್ಚಿ, ಹೆಣ ಹೊರುವ ಹಾಗೆ ಇಬ್ಬರು ಹೆಗಲು ಕೊಟ್ಟು, ಮೂಗಿನ ಮೇಸ್ತ್ರಿಯ ಶೆಡ್ಡಿಗೆ ತಂದು ಇಳಿಸುತ್ತಿದ್ದರು.

ಮೇಸ್ತ್ರಿಯ ಮೂಗೇನೂ ಉದ್ದವಿರಲಿಲ್ಲ. ಆದರೆ ಅವನು ಸ್ಪ್ಯಾನರು ಮುಟ್ಟುವ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ, ಅದರ ಬಾಯಿಗೆ ಮೂಗಿಟ್ಟು, ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ. ಆಮೇಲೆ ಹೇಳುತ್ತಿದ್ದ: "ಮೂರು ತಿಂಗಳು ಕೂತು ಕೆಟ್ಟ ಪೆಟ್ರೋಲು ಇದು, ಚೆಲ್ಲು." ಇಲ್ಲವೆಂದರೆ, "ಸೀಮೆಎಣ್ಣೆ ಬೆರೆಸಿದ್ದೀಯಲ್ಲ, ಟೋಪಿ ಹಾಕ್ತಿರೋದು ನನಗೋ ನಿನ್ನ ಮೋಟರಿಗೋ?" ಟ್ಯಾಂಕಿನಿಂದ ಹೋಸು, ಹೋಸಿನ ನಡುವೆ ಕೈಯಲ್ಲಿ ಹಿಚುಕುವ ರಬ್ಬರ್ ಬಲ್ಬು, ಅಲ್ಲಿಂದ ಫಿಲ್ಟರು, ಪಂಪು, ಕಾರ್ಬೊರೇಟರು. ಮೋಟರಿನ ಮುಕ್ಕಾಲು ರೋಗ ಈ ದಾರಿಯಲ್ಲೇ ಇರುತ್ತದೆ, ದಾರಿ ಶುರುವಾಗುವುದು ಟ್ಯಾಂಕಿನಲ್ಲಿ ಎನ್ನುವುದು ಅವನ ವಾದ. "ಊಟ ಹಳಸಿದ್ರೆ ಹೊಟ್ಟೆ ಕುಯ್ದು ನೋಡಿ ಏನು ಸಿಗತ್ತೆ?" ಎನ್ನುತ್ತಿದ್ದ.

ಶೆಡ್ಡಿನ ಮುಂಭಾಗದಲ್ಲಿ ಬಿಡಿಭಾಗಗಳ ಅಂಗಡಿ. ಅಲ್ಲಿ ಕೂರುತ್ತಿದ್ದವಳು ಮೇಸ್ತ್ರಿಯ ಒಬ್ಬಳೇ ಮಗಳು. ಡಿಗ್ರಿ ಮುಗಿಸಿ ಬಂದು ಕೌಂಟರಿನ ಹಿಂದೆ ಕೂತವಳಿಗೆ ಎರಡು ವರ್ಷದಲ್ಲಿ ಸಾವಿರಾರು ಪಾರ್ಟಿನ ನಂಬರು ಬಾಯಿಗೆ ಬಂದಿತ್ತು. ಗಿರಾಕಿಗಳ ಜೊತೆ ನಾಲ್ಕು ಮಾತಾಡುವುದು ಮಾತ್ರ ಬಂದಿರಲಿಲ್ಲ. ಕೇಳಿದ್ದನ್ನು ತೆಗೆದಿಟ್ಟು ತಲೆ ತಗ್ಗಿಸಿಬಿಡುತ್ತಿದ್ದಳು. "ಮೇಸ್ತ್ರೀ, ನಿಮ್ಮ ಮಗಳಿಗೂ ಒಂದು ಹೊಸ ಸ್ಟಾರ್ಟರ್ ಹಾಕಿಸಿ, ಎಷ್ಟು ಎಳೆದ್ರೂ ಮಾತು ಶುರುವಾಗಲ್ಲ" ಎಂದು ದೋಣಿಯವರು ನಗುತ್ತಿದ್ದರು. ಅವಳೂ ಒಳಗೊಳಗೇ ನಗುತ್ತಿದ್ದಳು. ಆ ನಗು ಯಾರಿಗೂ ಕಾಣುತ್ತಿರಲಿಲ್ಲ ಅಷ್ಟೆ.

ಆ ಅಂಗಡಿಗೆ ಒಂದು ಪದ್ಧತಿಯಿತ್ತು. ಮೋಟರಿನಿಂದ ತೆಗೆದ ಹಳೆಯ ಭಾಗವನ್ನು ಎಸೆಯುವ ಹಾಗಿಲ್ಲ. ಒಂದು ತಗಡಿನ ಡಬ್ಬಿಗೆ ಹಾಕಿ, ದೋಣಿಯ ಗುರುತು ಬರೆದು, ಮೂರು ತಿಂಗಳು ಶೆಲ್ಫಿನ ಮೇಲಿಡಬೇಕು. "ಇದು ಕೆಟ್ಟಿತ್ತು, ಅದಕ್ಕೇ ಬದಲಾಯಿಸಿದೆ" ಎಂದು ಯಾರು ಯಾವಾಗ ಕೇಳಿದರೂ ಕಣ್ಣಿಗೆ ತೋರಿಸಲಿಕ್ಕೆ. ಡಬ್ಬಿ ತುಂಬುವುದು ಮಗಳ ಕೆಲಸ.

ಆ ದಿನ ಬೆಳಿಗ್ಗೆ ಬಂದವನು ಅಂಬಿಗ. ನದಿ ಸಮುದ್ರಕ್ಕೆ ಸೇರುವ ಅಳಿವೆಯನ್ನು ದಾಟಿಸಿ, ಎದುರಿನ ದ್ವೀಪಕ್ಕೆ ದಿನಕ್ಕೆ ಮೂರು ಸಲ ಜನರನ್ನು ಒಯ್ಯುವವನು. ಹದಿನೈದು ದಿನದ ಹಿಂದೆ ದೋಣಿಗೆ ತಾನೇ ನೀಲಿ ಬಣ್ಣ ಬಳಿದಿದ್ದ. ಅವನ ಮೊಣಕೈಯಲ್ಲಿ ಇನ್ನೂ ಆ ನೀಲಿ ಅಂಟಿಕೊಂಡಿತ್ತು.

"ವಾರದಿಂದ ಇದೇ ಗೋಳು ಮೇಸ್ತ್ರೀ. ದಡದಲ್ಲಿ ಮಗು ಹಾಗೆ ಓಡತ್ತೆ. ಅಳಿವೆ ಬಾಯಿಗೆ ಹೋಗಿ ಪೂರ್ತಿ ವೇಗ ಕೊಟ್ನೋ, ಕುತ್ತಿಗೆ ಹಿಸುಕಿದ ಹಾಗೆ ಕ್ಯಾಂ ಅಂದು ನಿಲ್ಲತ್ತೆ. ನಿನ್ನೆ ಅಲೆ ಬಂಡೆ ಹತ್ರಕ್ಕೆ ತಳ್ಳಿಕೊಂಡು ಹೋಯ್ತು. ದೋಣೀಲಿ ಎರಡು ಕೈಗೂಸು. ಹುಟ್ಟು ಹಾಕಿ ಹಾಕಿ ನನ್ನ ರಟ್ಟೆ ಬಿದ್ದುಹೋಯ್ತು."

ಅಪ್ಪ ಟ್ಯಾಂಕಿನ ಮುಚ್ಚಳ ತೆಗೆದ. ಮೂಗಿಟ್ಟ. ಕಣ್ಣು ಮುಚ್ಚಿದ.

"ಪೆಟ್ರೋಲು ಚೆನ್ನಾಗಿದೆ. ಪಂಪು ಸೋತಿದೆ. ಪುಟ್ಟೀ, ಪಂಪ್ ಕಿಟ್ ಕೊಡು. ಕಾರ್ಬೊರೇಟರ್ ಕಿಟ್ಟೂ ಕೊಟ್ಟುಬಿಡು."

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ನೀರು ತುಂಬಿದ ಡ್ರಮ್ಮಿಗೆ ಮೋಟರು ಇಳಿಸಿ, ಶೆಡ್ಡಿನದೇ ಟ್ಯಾಂಕು, ಶೆಡ್ಡಿನದೇ ಹೋಸು ಜೋಡಿಸಿ ಎಳೆದರೆ ಒಂದೇ ಎಳೆತಕ್ಕೆ ಗುಡುಗಿತು. ಅಂಬಿಗನ ಮುಖ ಅರಳಿತು. "ನಿಮ್ಮ ಮೂಗಿಗೆ ಚಿನ್ನದ ಕವಚ ಮಾಡಿಸಬೇಕು ಮೇಸ್ತ್ರೀ!"

"ಕವಚ ಹಾಕಿದ್ರೆ ಮೂಸೋದು ಹೇಗಯ್ಯ?" ಎಂದು ಅಪ್ಪ ನಕ್ಕ.

ಅಂಬಿಗ ಒಬ್ಬ ಹಮಾಲಿಯನ್ನು ಜೊತೆ ಮಾಡಿಕೊಂಡು ಮೋಟರು ಹೊತ್ತ. "ಟ್ಯಾಂಕು ಹೋಸು ಇಲ್ಲೇ ಇರಲಿ, ಇದನ್ನ ಕೂರಿಸಿ ಬಂದು ಒಯ್ತೀನಿ. ಎರಡು ಗಂಟೆ ಟ್ರಿಪ್ಪಿಗೆ ಹನ್ನೊಂದು ಜನ ಆಗಲೇ ಕಟ್ಟೆ ಮೇಲೆ ಕೂತಿದ್ದಾರೆ" ಎನ್ನುತ್ತ ಹೋದ.

ಮಗಳು ಹಳೆಯ ಭಾಗಗಳನ್ನು ಡಬ್ಬಿಗೆ ಹಾಕಲು ಕೂತಳು. ಅವಳಿಗೊಂದು ಅಂಜಿಕೆಯ ಅಭ್ಯಾಸವಿತ್ತು: ತಪ್ಪು ನಂಬರು ಕೊಟ್ಟೆನೇನೋ ಎಂದು, ತೆಗೆದ ಭಾಗವನ್ನು ಅದೇ ನಂಬರಿನ ಇನ್ನೊಂದು ಹೊಸ ಭಾಗದ ಮೇಲಿಟ್ಟು ಅಳತೆ ನೋಡುವುದು. ಪಂಪಿನೊಳಗೆ ಪೆಟ್ರೋಲನ್ನು ಜಗ್ಗಿ ತಳ್ಳುವ ತೆಳು ರಬ್ಬರಿನ ಪೊರೆಯನ್ನು ಹೊಸದರ ಮೇಲೆ ಇಟ್ಟಳು. ಹಳೆಯದು ಸುತ್ತಲೂ ಉಗುರಿನಂಚಿನಷ್ಟು ದೊಡ್ಡದಾಗಿತ್ತು. ಅಂಚು ನೀರಲ್ಲಿ ನೆನೆದ ಕಾಗದದ ಹಾಗೆ ಅಲೆಯಲೆಯಾಗಿ ಎದ್ದಿತ್ತು.

ನಂಬರು ನೋಡಿದಳು. ಸರಿಯಿತ್ತು. ರಬ್ಬರಿನ ಚಿಕ್ಕ ಉಂಗುರ ತೆಗೆದು ನೋಡಿದಳು. ಅದೂ ಊದಿಕೊಂಡಿತ್ತು. ಕಾರ್ಬೊರೇಟರಿನ ಸೂಜಿಯ ತುದಿಯ ರಬ್ಬರೂ ಅಷ್ಟೆ. ರಬ್ಬರಿಗೆ ವಯಸ್ಸಾದರೆ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಯಾವ ಕಾಲಕ್ಕೂ ಬೆಳೆಯುವುದಿಲ್ಲ. ಅದನ್ನು ಅವಳಿಗೆ ಹೇಳಿಕೊಟ್ಟವನು ಅಪ್ಪನೇ.

ಎದ್ದು ಒಳಗೆ ಹೋದಳು. ಅಪ್ಪ ಹಿತ್ತಲಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. ಅಂಬಿಗನ ಟ್ಯಾಂಕಿನ ಮುಚ್ಚಳ ತಿರುಗಿಸಿ ಬಗ್ಗಿದಳು.

ಹೊಸದಾಗಿ ಬಣ್ಣ ಬಳಿದ ಕಿಟಕಿಯ ವಾಸನೆ ಸರ್ರನೆ ತಲೆಗೇರಿ ಕಣ್ಣಲ್ಲಿ ನೀರು ಬಂತು. ಥಿನ್ನರ್. ಪೆಟ್ರೋಲಿನ ಜೊತೆ ಬಣ್ಣದ ಥಿನ್ನರ್ ಸೇರಿತ್ತು, ಅದೂ ಒಂದೆರಡು ತೊಟ್ಟಲ್ಲ. ರಬ್ಬರನ್ನು ಊದಿಸಿದ್ದು ಅದೇ. ಹೋಸಿನ ತುದಿಯನ್ನು ಬೆಳಕಿಗೆ ಹಿಡಿದಳು. ಹೊರಗೆ ನೋಡಿದರೆ ಹೊಸತರ ಹಾಗಿದ್ದ ಹೋಸಿನ ಒಳಪದರ, ಸುಟ್ಟ ಚರ್ಮ ಸುಲಿದ ಹಾಗೆ ಎದ್ದು ಜೋಲುತ್ತಿತ್ತು. ಮೋಟರು ನಿಧಾನಕ್ಕೆ ಓಡುವಾಗ ಪೆಟ್ರೋಲು ಹೇಗೋ ನುಸುಳಿಕೊಳ್ಳುತ್ತದೆ. ಪೂರ್ತಿ ವೇಗ ಕೊಟ್ಟು ಪಂಪು ಜೋರಾಗಿ ಜಗ್ಗಿದಾಗ ಆ ಪದರ ಬಾಗಿಲು ಹಾಕಿಕೊಂಡುಬಿಡುತ್ತದೆ. ಶೆಡ್ಡಿನ ಟ್ಯಾಂಕು, ಶೆಡ್ಡಿನ ಹೋಸಿನಲ್ಲಿ ಮೋಟರು ಗುಡುಗಿದ್ದರಲ್ಲಿ ಆಶ್ಚರ್ಯವೇನಿತ್ತು! ಅಳಿವೆ ಬಾಯಿಯಲ್ಲಿ ಅದು ಮತ್ತೆ ನಿಲ್ಲುವುದೇ.

ಇಷ್ಟೆಲ್ಲ ಹೊಳೆದದ್ದು ಒಂದು ಕ್ಷಣದಲ್ಲಿ. ಅವಳನ್ನು ಹೆದರಿಸಿದ್ದು ಅದಲ್ಲ. ಬೆಳಿಗ್ಗೆ ಇದೇ ಟ್ಯಾಂಕಿಗೆ ಅಪ್ಪ ಮೂಗಿಟ್ಟಿದ್ದ.

"ಅಪ್ಪಾ, ಸ್ವಲ್ಪ ಬನ್ನಿ."

ಅಪ್ಪ ಪಂಚೆಯಂಚಿಗೆ ಕೈ ಒರೆಸುತ್ತ ಬಂದ. ಅವಳು ಎರಡೂ ಪೊರೆ ತೋರಿಸಿದಳು.

"ಹಳೇ ರಬ್ಬರು, ಹಿಗ್ಗಿದೆ" ಎಂದ ಅಪ್ಪ.

"ಹಳೇದಾದ್ರೆ ಗಟ್ಟಿಯಾಗತ್ತಲ್ವಾ ಅಪ್ಪ?"

"ನನಗೇ ಪಾಠ ಹೇಳೋಕೆ ಬಂದ್ಯಾ?"

"ಈ ಟ್ಯಾಂಕು ಇನ್ನೊಂದ್ಸಲ ಮೂಸಿ ನೋಡಿ."

ಅಪ್ಪ ಬಗ್ಗಿದ. ಮೂಗು ಟ್ಯಾಂಕಿನ ಬಾಯಲ್ಲಿತ್ತು. ಈ ಸಲ ಕಣ್ಣು ಮುಚ್ಚಿರಲಿಲ್ಲ. ಅವು ಅವಳ ಮುಖವನ್ನು ನೋಡುತ್ತಿದ್ದವು, ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡುವ ಮಕ್ಕಳ ಹಾಗೆ.

"ಏನು ವಾಸನೆ ಅಪ್ಪ?"

"ಪೆಟ್ರೋಲಿಂದು. ಇನ್ನೇನು, ಹೂವಿನ ವಾಸನೆ ಬರತ್ತಾ?"

"ಅಪ್ಪಾ..."

"ಕೌಂಟರಿನಲ್ಲಿ ಯಾರೂ ಇಲ್ಲ. ಹೋಗು."

ಅಷ್ಟರಲ್ಲಿ ಅಂಬಿಗ ಮರಳಿ ಬಂದ. ಟ್ಯಾಂಕು ಎತ್ತಿದ, ಹೋಸು ಕೊರಳಿಗೆ ಹಾರದ ಹಾಗೆ ಹಾಕಿಕೊಂಡ, "ಬರ್ತೀನಿ ಮೇಸ್ತ್ರೀ" ಎಂದ. ಅಪ್ಪ ತಲೆಯಾಡಿಸಿದ. ಮಗಳು ಬಾಯಿ ತೆರೆದಳು. ಹೇಳಬೇಕಾದ್ದು ಒಂದೇ ವಾಕ್ಯ: ಅಪ್ಪನಿಗೆ ವಾಸನೆ ತಿಳಿಯುತ್ತಿಲ್ಲ. ಆ ಒಂದು ವಾಕ್ಯ ಆಚೆ ಹೋದರೆ ಮೂಗಿನ ಮೇಸ್ತ್ರಿ ಎಂಬ ಮನುಷ್ಯನೇ ಇರುವುದಿಲ್ಲ. ಹೋಗದಿದ್ದರೆ ಹನ್ನೊಂದು ಜನ ಬಂಡೆಯ ಪಾಲು.

ಕೌಂಟರಿಗೆ ಬಂದು ಕೂತಳು. ಎದುರಿನ ಗೋಡೆಯ ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷವಿತ್ತು. ನೋಡುತ್ತಿದ್ದಂತೆ ಅದು ಎಂಟಾಯಿತು. ಒಳಗಿನಿಂದ ಸುತ್ತಿಗೆಯ ಸದ್ದು ಬರಬೇಕಿತ್ತು, ಬರಲಿಲ್ಲ. ಅಪ್ಪ ಸುಮ್ಮನೆ ನಿಂತಿರಬೇಕು. ಅವಳು ಚಪ್ಪಲಿ ಹುಡುಕಲಿಲ್ಲ. ಎದ್ದವಳೇ ಓಡಿದಳು.

ಕಟ್ಟೆಯ ಬಳಿ ಜನ ದೋಣಿಯಲ್ಲಿ ಕೂತಾಗಿತ್ತು. ಅಂಬಿಗ ಬಲ್ಬು ಹಿಚುಕುತ್ತಿದ್ದ.

"ಅಣ್ಣಾ! ನಿಲ್ಲಿಸಿ!"

ಅವಳ ದನಿ ಅಷ್ಟು ದೊಡ್ಡದಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ದೋಣಿಯಲ್ಲಿದ್ದವರೆಲ್ಲ ತಿರುಗಿದರು. ಅಷ್ಟು ಮುಖಗಳನ್ನು ಒಟ್ಟಿಗೆ ಕಂಡದ್ದೇ ತಡ, ನಿಜದ ಬದಲು ಸುಳ್ಳು ಹೊರಬಂತು.

"ಪಾರ್ಟು ತಪ್ಪಾಗಿದೆ ಅಣ್ಣ. ನಾನೇ ತಪ್ಪು ಕೊಟ್ಟೆ. ಆ ಕಿಟ್ಟು ಬೇರೆ ಮೋಟರಿಂದು. ನಡುನೀರಲ್ಲಿ ನಿಂತು ಹೋಗತ್ತೆ."

"ಏನು?" ಅಂಬಿಗ ಎದ್ದು ನಿಂತ. ದೋಣಿ ಓಲಾಡಿತು. "ಈಗ ಹೇಳ್ತೀಯಾ ಇದನ್ನ? ಇವರೆಲ್ಲ ಕೂತ ಮೇಲೆ?"

"ಬುಕ್ಕು ಓದಿದವಳು, ಪಾರ್ಟು ಓದಿದವಳಲ್ಲ" ಎಂದಳು ದೋಣಿಯಲ್ಲಿದ್ದ ಒಬ್ಬ ಮುದುಕಿ. ಯಾರೋ ನಕ್ಕರು. ಇನ್ಯಾರೋ ತಮ್ಮ ಗಂಟು ಎತ್ತಿಕೊಂಡು ಇಳಿಯತೊಡಗಿದರು.

ಅಪ್ಪ ಏದುಸಿರು ಬಿಡುತ್ತ ಅವಳ ಹಿಂದೆಯೇ ಬಂದು ನಿಂತಿದ್ದ. ಅಂಬಿಗನ ಸಿಟ್ಟು ಅವನ ಕಡೆ ತಿರುಗಿತು. "ಮೇಸ್ತ್ರೀ, ನಿಮ್ಮ ಮುಖ ನೋಡಿ ಸುಮ್ಮನಿದ್ದೀನಿ. ಈ ಹುಡುಗೀನ ಕೌಂಟರಿಂದ ಎಬ್ಬಿಸಿ. ಇಲ್ಲಾಂದ್ರೆ ನಾನು ಆಚೆ ದಡದ ಮೆಕ್ಯಾನಿಕ್ ಹತ್ರ ಹೋಗ್ತೀನಿ. ಜನರ ಪ್ರಾಣ ಇದು, ಹುಡುಗಾಟ ಅಲ್ಲ."

ಅಪ್ಪ ಅವಳನ್ನು ನೋಡಿದ. ಅವಳು ಅಪ್ಪನನ್ನು ನೋಡಿದಳು. ಈಗ ಹೇಳುತ್ತಾನೆ ಎಂದುಕೊಂಡಳು.

"ಅವಳಿಗೆ ಗಮನ ಸಾಲದು" ಎಂದ ಅಪ್ಪ. "ಮೋಟರು ಇಳಿಸು. ನಾನು ನೋಡ್ತೀನಿ."

ಮೋಟರು ಮತ್ತೆ ಶೆಡ್ಡಿಗೆ ಬಂತು. ಜನ ಬೇರೆ ದೋಣಿ ಹತ್ತಿದರು. ಅಪ್ಪ ಅವಳ ಕಡೆ ತಿರುಗದೆ ಪಂಪು ಬಿಚ್ಚಿದ, ಹೊಸ ಪೊರೆ ಕೇಳಿದ, ಹೊಸ ಹೋಸು ಕೇಳಿದ, ಹೊಸ ಬಲ್ಬು ಕೇಳಿದ. ಅಂಬಿಗನ ಟ್ಯಾಂಕನ್ನು ಹಿಂದಕ್ಕೆ ಒಯ್ದು ಪೂರ್ತಿ ಖಾಲಿ ಮಾಡಿ, ಒಳಗಿಂದ ತೊಳೆದು, ಶೆಡ್ಡಿನ ಪೆಟ್ರೋಲು ತುಂಬಿಸಿಕೊಟ್ಟ. ಮಗಳ ಮೂಗನ್ನು ಅವನು ಪೂರ್ತಿ ನಂಬಿದ್ದ.

ಸಂಜೆ ಅಪ್ಪ ಮನೆಗೆ ಹೋದ ಮೇಲೆ ಅವಳು ಶೆಲ್ಫಿನ ಮುಂದೆ ನಿಂತಳು. ಅವಮಾನ ಇನ್ನೂ ಕೆನ್ನೆಯ ಮೇಲೆ ಬಿಸಿಯಾಗಿತ್ತು. ಅದರ ಅಡಿಯಲ್ಲಿ ಇನ್ನೇನೋ ಕೊರೆಯುತ್ತಿತ್ತು. ಅಪ್ಪನಿಗೆ ಜೋರು ಜ್ವರ ಬಂದು ಹತ್ತು ದಿನ ಮಲಗಿದ್ದು ಎರಡು ತಿಂಗಳ ಹಿಂದೆ. ಎದ್ದ ಮೇಲೆ ಸ್ನಾನದ ಸೋಪು ಬದಲಾದರೂ, ಒಲೆಯ ಮೇಲೆ ಹಾಲು ಸೀದರೂ ಏನೂ ಅಂದಿರಲಿಲ್ಲ; ಬಳಲಿಕೆ ಎಂದುಕೊಂಡಿದ್ದರು. ಜ್ವರದ ನಂತರದ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿದಳು. ಪೆಟ್ರೋಲಿನ ದಾರಿಯ ತೊಂದರೆ ಎಂದು ಬಂದ ಮೋಟರುಗಳವು, ಅಂಬಿಗನದು ಬಿಟ್ಟು ಒಂಬತ್ತು.

ಮೊದಲ ಡಬ್ಬಿಯ ಪೊರೆಯನ್ನು ಬೆರಳಲ್ಲಿ ಎಳೆದು ನೋಡಿದಳು. ಹರಿದಿರಲಿಲ್ಲ, ಬಿರಿದಿರಲಿಲ್ಲ, ಹೊಸದರಷ್ಟೇ ಮೆತ್ತಗಿತ್ತು. ಎರಡನೆಯದರ ಫಿಲ್ಟರಿನಲ್ಲಿ ಕಸವೇ ಇರಲಿಲ್ಲ. ಮೂರನೆಯದು, ನಾಲ್ಕನೆಯದು... ಒಂಬತ್ತರಲ್ಲಿ ಆರು ಡಬ್ಬಿಯ ಭಾಗಗಳು ನಾಳೆ ಬೇಕಾದರೂ ಮೋಟರಿಗೆ ಹಾಕಿ ಓಡಿಸುವಂತಿದ್ದವು. ಅಪ್ಪ ಎರಡು ತಿಂಗಳಿನಿಂದ ಕತ್ತಲಲ್ಲಿ ಕಲ್ಲು ಹೊಡೆಯುತ್ತಿದ್ದ. ತಾಗಿದರೆ ತಾಗಿತು. ತಾಗದ ರೋಗ ಹಾಗೇ ಟ್ಯಾಂಕಿನಲ್ಲಿ ಕೂತು ದೋಣಿಯ ಜೊತೆ ನೀರಿಗೆ ಹೋಗಿತ್ತು.

ಮನೆಯಲ್ಲಿ ಅಪ್ಪ ತಟ್ಟೆಯ ಮುಂದೆ ಕೂತಿದ್ದ. ಅಮ್ಮ ಬಡಿಸುತ್ತಿದ್ದಳು. ಮಗಳು ಬಾಗಿಲಲ್ಲೇ ನಿಂತು ಹೇಳಿದಳು: "ಒಂಬತ್ತು ಡಬ್ಬಿ ಇವೆ ಅಪ್ಪ."

ಅಪ್ಪನಿಗೆ ಅರ್ಥವಾಯಿತು. ಕೈ ತಟ್ಟೆಯಲ್ಲೇ ನಿಂತಿತು. "ಯಾರಿಗೂ ಏನೂ ಆಗಿಲ್ಲವಲ್ಲ."

"ಇವತ್ತು ನಾನು ಓಡಿ ಹೋಗದಿದ್ರೆ ಅಂಬಿಗಣ್ಣಂಗೆ ಆಗ್ತಿತ್ತು."

ಅಮ್ಮ ಸೌಟು ಕೆಳಗಿಟ್ಟಳು. "ನಾನೂ ಹೇಳೋಣ ಅಂದ್ಕೊಂಡೆ. ಮೊನ್ನೆ ಗ್ಯಾಸು ಸೋರ್ತಿತ್ತು, ಇವರು ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರು. ಆವತ್ತೇ ಗೊತ್ತಾಯ್ತು ನನಗೆ."

"ಗೊತ್ತಿದ್ದೂ ಸುಮ್ಮನಿದ್ಯಾ?" ಅಪ್ಪನ ದನಿ ಏರಿತು.

"ನೀವೇ ಸುಮ್ಮನಿದ್ದಾಗ ನಾನು ಡಂಗುರ ಸಾರಲಾ?"

ಅಪ್ಪ ತಟ್ಟೆಯನ್ನೇ ನೋಡುತ್ತ ಹೇಳತೊಡಗಿದ. "ಜ್ವರ ಬಿಟ್ಟು ಎದ್ದು ಬಂದು ಮೊದಲನೇ ಟ್ಯಾಂಕಿಗೆ ಮೂಗಿಟ್ಟೆ. ಏನೂ ಇಲ್ಲ. ಬರೀ ತಣ್ಣಗಿನ ಗಾಳಿ. ನೆಗಡಿ ಇರಬೇಕು, ವಾರದಲ್ಲಿ ಬರತ್ತೆ ಅಂದ್ಕೊಂಡೆ. ದಿನಾ ಬೆಳಿಗ್ಗೆ ಎದ್ದ ತಕ್ಷಣ ಸೋಪು ಮೂಸ್ತೀನಿ. ಇವತ್ತೂ ಮೂಸಿದೆ." ನಗಲು ನೋಡಿದ, ಆಗಲಿಲ್ಲ. "ವಾಸನೆ ವಾಪಸ್ ಬರಬಹುದು, ಬರದೇನೂ ಇರಬಹುದು ಅಂದ್ರು ಡಾಕ್ಟರು."

"ಡಾಕ್ಟರ ಹತ್ರಾನೂ ಹೋಗಿ ಬಂದ್ರಾ? ಯಾವಾಗ?" ಅಮ್ಮ ಕೇಳಿದಳು. ಅವನು ಮಗಳ ಕಡೆ ತಿರುಗಿದ. ಎಷ್ಟೋ ದಿನದಿಂದ ಯೋಚಿಸಿಟ್ಟುಕೊಂಡ ಹಾಗಿತ್ತು ಮಾತು.

"ನಾಳೆಯಿಂದ ನೀನು ಕೌಂಟರಿನಲ್ಲಿ ಬೇಡ. ಒಳಗೆ ನನ್ನ ಜೊತೆ ಇರು. ಟ್ಯಾಂಕಿನ ಮುಚ್ಚಳ ನೀನು ತೆಗಿ, ವಾಸನೆ ಹೇಗೂ ತಾಗತ್ತೆ. ಕೆಟ್ಟಿದ್ರೆ ಒಂದ್ಸಲ ಕೆಮ್ಮು. ಸೀಮೆಎಣ್ಣೆ ಇದ್ರೆ ಎರಡ್ಸಲ. ಹೇಳೋದು ನಾನು ಹೇಳ್ತೀನಿ. ಯಾರಿಗೂ ಗೊತ್ತಾಗಲ್ಲ."

ಅವಳ ಮನಸ್ಸು ಒಂದು ಕ್ಷಣ ಆ ಕಡೆ ವಾಲಿದ್ದು ನಿಜ. ಯಾರ ಮುಖವನ್ನೂ ನೋಡಬೇಕಿಲ್ಲ. ಮಾತಾಡಬೇಕಿಲ್ಲ. ಒಳಗಿನ ಅರೆಗತ್ತಲಲ್ಲಿ ನಿಂತು ಕೆಮ್ಮಿದರೆ ಸಾಕು. ಅವಳಿಗಾಗಿಯೇ ಹೊಲಿಸಿದ ಅಂಗಿಯಂತಿತ್ತು ಆ ಕೆಲಸ.

"ನಾಳೆ ಬರೋರಿಗೆ ಕೆಮ್ತೀನಿ ಅಪ್ಪ" ಎಂದಳು. "ಆಗಲೇ ನೀರಿಗೆ ಹೋಗಿರೋ ಒಂಬತ್ತಕ್ಕೆ ಎಲ್ಲಿ ನಿಂತು ಕೆಮ್ಮಲಿ?"

ಅಪ್ಪ ಎದ್ದು ಕೈ ತೊಳೆಯಲು ಹೋದ. ಊಟ ಅರ್ಧಕ್ಕೇ ಉಳಿಯಿತು.

ಬೆಳಿಗ್ಗೆ ಅವಳು ಏಳುವ ಹೊತ್ತಿಗೆ ಅಪ್ಪ ಮನೆಯಲ್ಲಿರಲಿಲ್ಲ. ಕಟ್ಟೆಗೆ ಹೋಗಿ ನೋಡಿದರೆ ಚಹಾದ ಗಾಡಿಯ ಹತ್ತಿರ ಏಳೆಂಟು ದೋಣಿಯವರ ನಡುವೆ ನಿಂತಿದ್ದ. ಕೈಯಲ್ಲಿ ಚಹಾದ ಲೋಟವಿರಲಿಲ್ಲ. ಚಹಾ ಕುಡಿಯಲು ಬಂದವನಲ್ಲ, ಹೇಳಲು ಬಂದವನು.

"...ಅವಳ ತಪ್ಪಲ್ಲ, ನಂದು. ಎರಡು ತಿಂಗಳಿಂದ ನನಗೆ ವಾಸನೆ ತಿಳೀತಿಲ್ಲ. ನಾನು ಮೂಸಿದ ಟ್ಯಾಂಕುಗಳನ್ನೆಲ್ಲ ತಂದು ಇನ್ನೊಂದ್ಸಲ ತೋರಿಸಿ. ಅಲ್ಲೀವರೆಗೂ ಅಳಿವೆ ದಾಟಬೇಡಿ."

"ತಮಾಷೆ ಮಾಡ್ತಿದ್ದೀರಾ ಮೇಸ್ತ್ರೀ?" ಎಂದ ಒಬ್ಬ ಹುರಿಮೀಸೆಯವನು.

"ತಮಾಷೆ ಮಾಡೋ ಮುಖಾನಾ ಇದು?"

ಹುರಿಮೀಸೆಯವನು ಚಹಾ ಚೆಲ್ಲಿ, ಲೋಟ ಇಟ್ಟು, ತನ್ನ ದೋಣಿಯ ಕಡೆ ಹೋದ. ಅರ್ಧ ಗಂಟೆಯಲ್ಲಿ ಅವನ ಮೋಟರು ಬೇರೆಯವರ ದೋಣಿಯಲ್ಲಿ ಆಚೆ ದಡದ ಮೆಕ್ಯಾನಿಕ್ಕಿನ ಕಡೆ ಹೊರಟಿತ್ತು. ಅವನು ಬೈಯದೆ ಹೋದದ್ದು, ಬೈದಿದ್ದರೆ ನೋಯುತ್ತಿದ್ದುದಕ್ಕಿಂತ ಹೆಚ್ಚು ಅಪ್ಪನನ್ನು ನೋಯಿಸಿತು.

ಉಳಿದವರು ಗೊಣಗುತ್ತ ಟ್ಯಾಂಕು ಹೊತ್ತು ತಂದರು. ಮಗಳು ಶೆಡ್ಡಿನ ಬಾಗಿಲಲ್ಲೇ, ಎಲ್ಲರ ಕಣ್ಣೆದುರು, ಒಂದೊಂದೇ ಮುಚ್ಚಳ ತೆಗೆದಳು. ಅವಳು ಹೇಳಿದ್ದನ್ನು ಯಾರೂ ಸುಮ್ಮನೆ ಒಪ್ಪಲಿಲ್ಲ. ಪ್ರತಿಯೊಬ್ಬನೂ ತಾನೂ ಬಗ್ಗಿ ಮೂಸಿದ. "ಹೌದಾ? ನನಗೆ ಪೆಟ್ರೋಲಿನ ಹಾಗೇ ಇದೆಯಲ್ಲ?" "ಇನ್ನೂ ಸ್ವಲ್ಪ ಬಗ್ಗಿ ಅಣ್ಣ. ವಾರ್ನಿಷಿನ ಹಾಗೆ ಇಲ್ವಾ? ಎಷ್ಟು ದಿನ ಆಯ್ತು ತುಂಬಿಸಿ?" "ಹಾಂ... ಮಳೆಗಾಲಕ್ಕೆ ಮುಂಚೆ." ಅವಳ ಕಿವಿ ಕೆಂಪಾಗಿತ್ತು. ಆದರೂ ಒಂದಾದ ಮೇಲೆ ಒಂದು ಹೇಳುತ್ತ ಹೋದಳು. ಅಪ್ಪ ಪಕ್ಕದಲ್ಲಿ ಕೂತು, ಅವಳು ಕೆಟ್ಟದ್ದೆಂದದ್ದನ್ನು ಚೆಲ್ಲಿ, ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲು ಚಿಮ್ಮಿಸುವ ಜೆಟ್ಟಿನ ಅಂಟು ಕಟ್ಟಿದ ತೂತು ತೊಳೆಯುತ್ತಿದ್ದ.

ಅಂಬಿಗನೂ ಬಂದಿದ್ದ. ಮೋಟರು ನೆಟ್ಟಗಾಗಿದ್ದರೂ ಬಂದು, ಕಾಲು ಬದಲಿಸುತ್ತ ನಿಂತ.

"ನಿನ್ನೆ ನಿನಗೆ ಅಷ್ಟು ಜನರ ಮುಂದೆ ಬೈದೆನಲ್ಲಮ್ಮ..."

"ಪರವಾಗಿಲ್ಲ ಅಣ್ಣ. ಥಿನ್ನರ್ ಹಾಕಿದ್ದು ನೀವೇನಾ?"

ಅಂಬಿಗ ಮೊಣಕೈಯ ನೀಲಿಯನ್ನು ಉಗುರಲ್ಲಿ ಕೆರೆದ. "ಬ್ರಷ್ಷು ತೊಳೆದು ಮಿಕ್ಕಿತ್ತು. ಇದೂ ಉರಿಯೋದೇ ಅಲ್ವಾ, ಸುಮ್ನೆ ಚೆಲ್ಲೋದು ಯಾಕೆ ಅಂತ..."

"ನಿನ್ನ ಜಿಪುಣತನಕ್ಕೆ ನನ್ನ ಮೂಗು ಬಲಿ" ಎಂದ ಅಪ್ಪ, ತಲೆಯೆತ್ತದೆ. ಬೆಳಗಿನಿಂದ ಅಲ್ಲಿ ಕೇಳಿದ ಮೊದಲ ನಗು ಅದು. ಬಹಳ ಹೊತ್ತು ನಿಲ್ಲಲಿಲ್ಲ.

ಮಧ್ಯಾಹ್ನಕ್ಕೆ ಏಳು ಟ್ಯಾಂಕು ನೋಡಿ ಆಗಿತ್ತು. ಎಂಟನೆಯದು ಆಚೆ ದಡಕ್ಕೆ ಹೋಗಿತ್ತು. ಏಳರಲ್ಲಿ ಮೂರು ಕೆಟ್ಟಿದ್ದವು. ಒಂಬತ್ತನೆಯದು ಅವಸರದಣ್ಣನದು. ಎಲ್ಲರಿಗಿಂತ ಮೊದಲು ಬಲೆ ಹಾಕಬೇಕೆಂದು ಕೋಳಿ ಕೂಗುವ ಮೊದಲೇ ನೀರಿಗಿ‌ಳಿಯುವವನಿಗೆ ದಡದವರು ಇಟ್ಟ ಹೆಸರು ಅದು. ಅಪ್ಪ ಕಟ್ಟೆಗೆ ಬರುವಷ್ಟರಲ್ಲೇ ಅವನು ಅಳಿವೆ ದಾಟಿಯಾಗಿತ್ತು. ದಿನಾ ಹತ್ತು ಗಂಟೆಗೆ ಮರಳುತ್ತಿದ್ದವನು ಇವತ್ತು ಹನ್ನೆರಡಾದರೂ ಬಂದಿರಲಿಲ್ಲ. ಫೋನು ಮಾಡಿದರೆ ಸಿಗುತ್ತಿರಲಿಲ್ಲ. ಹುಡುಕಲು ಅಂಬಿಗನೂ ಇನ್ನಿಬ್ಬರೂ ದೋಣಿ ತೆಗೆದುಕೊಂಡು ಹೋದರು.

ಅಪ್ಪ ಕೆಲಸ ಬಿಟ್ಟು ಕಟ್ಟೆಯ ಕೊನೆಯ ಮೆಟ್ಟಿಲಲ್ಲಿ ಕೂತ. ಮಗಳು ಎರಡು ಮೆಟ್ಟಿಲು ಮೇಲೆ ಕೂತಳು. ಬೆಳಗಿನಿಂದ ಮೂಸಿ ಮೂಸಿ ಅವಳ ತಲೆ ಸಿಡಿಯುತ್ತಿತ್ತು. ದೂರದಲ್ಲಿ ಒಂದು ಮೋಟರಿನ ಸದ್ದು ಕೇಳಿತು. ಅವಳು ಎದ್ದಳು.

"ಅವನದ್ದಲ್ಲ" ಎಂದ ಅಪ್ಪ.

ಇನ್ನೊಂದು ಸದ್ದು. "ಇದೂ ಅಲ್ಲ."

ಒಂದು ಗಂಟೆಯಾಯಿತು. ಅವಸರದಣ್ಣನ ಹೆಂಡತಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದು ಕಟ್ಟೆಯ ಮೇಲೆ ನಿಂತಳು. ಅವರಿಬ್ಬರನ್ನೂ ನೋಡಿದಳು. ಯಾರೋ ಅವಳಿಗೆ ಆಗಲೇ ಹೇಳಿದ್ದರು. ಅಪ್ಪ ಅವಳ ಕಡೆ ತಿರುಗಲು ನೋಡಿದ. ಕುತ್ತಿಗೆ ಅರ್ಧಕ್ಕೇ ನಿಂತಿತು.

ಮೊದಲು ಕಂಡದ್ದು ಅಂಬಿಗನ ನೀಲಿ ದೋಣಿ. ಅದರ ಹಿಂದೆ ಹಗ್ಗ, ಹಗ್ಗದ ತುದಿಗೆ ಅವಸರದಣ್ಣನ ದೋಣಿ. ಅವಸರದಣ್ಣ ಅದರಲ್ಲಿ ಕೂತೇ ಇದ್ದ. ಒಂದು ಕಡೆಯ ಹಲಗೆ ಬಂಡೆಗೆ ಬಡಿದು ಸೀಳಿತ್ತು, ಬಲೆಯಿರಲಿಲ್ಲ. ಕಟ್ಟೆಯ ಮೇಲೆ ನಿಂತವಳು ಮಗುವಿನ ತಲೆಗೆ ಮುಖ ಒತ್ತಿ ಅತ್ತಳು.

ಅಪ್ಪ ಪಂಚೆ ಎತ್ತಿ ಕಟ್ಟದೆಯೇ ಮೊಣಕಾಲುದ್ದ ನೀರಿಗೆ ಇಳಿದು, ಅಂಬಿಗ ಎಸೆದ ಹಗ್ಗವನ್ನು ಹಿಡಿದುಕೊಂಡ.

"ಬಂದ್ಯಾ ಮೂಗಿನ ಮೇಸ್ತ್ರೀ!" ಅವಸರದಣ್ಣನ ದನಿ ಒಡೆದಿತ್ತು, ಅಂಗೈಗಳು ಹುಟ್ಟು ಹಾಕಿ ಸುಲಿದುಹೋಗಿದ್ದವು. "ಈಗ ಹೇಳಿದ್ರು ನನಗೆ ಇವರು. ಮೂಗು ಹೋದ್ರೆ ಹೋಯ್ತು. ಅದನ್ನ ಹೇಳೋಕೆ ನಾಲಿಗೇನೂ ಬಿದ್ದುಹೋಗಿತ್ತಾ ನಿಂಗೆ? ನಾಲ್ಕು ಗಂಟೆ ಅಲೆಯ ಬಾಯಲ್ಲಿ ಕೂತಿದ್ದೆ ನಾನು! ಬಲೆ ಕಡಿದು ನೀರಿಗೆ ಬಿಟ್ಟೆ! ನಿನ್ನ ಮಾತು ನಂಬಿ, ನಿನ್ನ ಮೂಗು ನಂಬಿ..."

ಮಗಳು ನೀರಿಗಿಳಿದು ಅಪ್ಪನ ಪಕ್ಕ ನಿಂತು ಹಗ್ಗಕ್ಕೆ ಕೈ ಹಾಕಿದಳು. ಇಬ್ಬರೂ ಸೇರಿ ದೋಣಿಯನ್ನು ದಡಕ್ಕೆ ಎಳೆದರು. ಬೈಗುಳ ನಿಲ್ಲಲಿಲ್ಲ. ಕಟ್ಟೆಯ ಮೇಲೆ ಜನ ಸೇರಿದ್ದರು. ಯಾರೋ, "ಆಯ್ತು ಬಿಡಪ್ಪ, ಜೀವ ಉಳೀತಲ್ಲ" ಎಂದರು. ಅವಸರದಣ್ಣ ಉಸಿರು ಸಾಲದೆ ಒಮ್ಮೆ ನಿಂತ.

"ಅವನನ್ನ ತಡೀಬೇಡಿ" ಎಂದ ಅಪ್ಪ, ಹಗ್ಗ ಬಿಡದೆ. "ಇನ್ನೂ ಇದ್ರೆ ಹೇಳಿಬಿಡು ಮಾರಾಯ."

ಇನ್ನೂ ಇತ್ತು.